ಅನ್ಯಲೋಕದ ಮೃಗವು ಮೃಗವೇ?

ಶಾಸನ, ಜಾನಪದ, ಗಡಿನಾಡಿನ ಶಬ್ದಸಂಪತ್ತು ಮೊದಲಾದುವುಗಳಿಗೆ ಮೀಸಲಾದ ಇಂಥ ಸಂಚಿಕೆಯಲ್ಲಿ ಆಕಾಶನೌಕೆಯ ಭೂತಗಳ ವಿಚಾರವನ್ನೆತ್ತುವುದು ತಕ್ಕುದೇ ಎಂಬ ಶಂಕೆ ಲೇಖನಿ ಹಿಡಿಯುವ ಮುನ್ನ ನಮಗೂ ಬಂದಿತ್ತು. ಅದನ್ನು ಕಳೆದವನು ನಮ್ಮ ತಾಳವಾಡಿ ಸೀಮೆಯ ಒಬ್ಬ ಹುಡುಗ. ಒಂಬತ್ತನೆಯ ತರಗತಿಯವನು, ಮನೆಯಲ್ಲಿ ರೇಷ್ಮೆ ಸಾಕಣೆ. ಬೇಸಗೆಯ ರಜೆಯಲ್ಲಿ ಅಣ್ಣನ ಮೊಬೈಲಿನಲ್ಲಿ ‘ಏಲಿಯನ್’ ಎಂಬ ಇಂಗ್ಲಿಷ್ ಚಿತ್ರವನ್ನು ನೋಡಿ, ಶಾಲೆ ತೆರೆದ ದಿನವೇ ನಮ್ಮ ಬಳಿಗೆ ಬಂದು, “ಸಾರ್, ಅದು ಬೇರೆ ಲೋಕದ ಪ್ರಾಣಿ ಅಂತಾರೆ. ಎದೆ ಸೀಳ್ಕೊಂಡು ಆಚೆ ಬರೋದು ನೋಡಿದ್ರೆ ನಮ್ಮ ಊಜಿ ಹುಳಾನೇ. ಅಲ್ಲಿಗಂಟ ಸರಿ. ಆಮೇಲೆ ಅದು ಏನ್ ತಿಂದು ಅಷ್ಟು ದೊಡ್ಡದಾಯ್ತು?” ಎಂದು ಕೇಳಿದನು. ಅದು ಅವನ ವಯಸ್ಸಿಗೆ ತಕ್ಕ ಚಿತ್ರವಲ್ಲವೆಂದು ಗದರಿಸುವುದನ್ನು ಮರೆತು ನಾವು ಆ ಪ್ರಶ್ನೆಯ ಹಿಂದೆ ಹೊರಟೆವು. ಮುಂದಿನ ಬರೆಹವೆಲ್ಲ ಅದರ ಫಲ.

ಸಹೋದ್ಯೋಗಿಗಳಲ್ಲೊಬ್ಬರು, ಇವರು ಒಳ್ಳೆಯ ಸಾಹಿತ್ಯಾಭ್ಯಾಸಿಗಳು, ಪ್ರಶ್ನೆಯನ್ನೇ ಒಪ್ಪಲಿಲ್ಲ. “ಕಟ್ಟುಕತೆಯ ಮೃಗಕ್ಕೆ ಪ್ರಾಣಿಶಾಸ್ತ್ರದ ಕಟ್ಟಳೆಯೇಕೆ? ಗಂಡಭೇರುಂಡ ಎರಡು ತಲೆಯಿಂದ ಹೇಗೆ ನುಂಗುತ್ತಿತ್ತೆಂದು ಯಾರಾದರೂ ಕೇಳಿದ್ದುಂಟೆ? ಶರಭದ ಎಂಟು ಕಾಲುಗಳ ನಡಿಗೆಯ ಲೆಕ್ಕ ಬೇಕೆ?” ಎಂಬುದು ಅವರ ಆಕ್ಷೇಪ. ಆಕ್ಷೇಪವು ಬಲವಾದುದೇ ಸರಿ. ಆದರೆ ಗಂಡಭೇರುಂಡವು ಲಾಂಛನ. ಅದು ಶಕ್ತಿಯ ಚಿಹ್ನೆಯಾಗಿ ಬಂದಿತೇ ಹೊರತು ಪ್ರಾಣಿಯೆಂದು ಬರಲಿಲ್ಲ. ಅದನ್ನು ಕೆತ್ತಿದ ಶಿಲ್ಪಿಯು ನಮ್ಮಿಂದ ಬೇರೊಂದು ಬಗೆಯ ಶ್ರದ್ಧೆಯನ್ನು ಬೇಡುತ್ತಾನೆ. ವಿಜ್ಞಾನಕಥೆಯಾದರೋ ತನ್ನ ಮೃಗವನ್ನು ತಾನೇ ಜೀವಿಯೆಂದು ಸಾರುತ್ತದೆ. ‘ಏಲಿಯನ್’ ಚಿತ್ರದಲ್ಲಿ ನೌಕೆಯ ವಿಜ್ಞಾನಿ ಅದನ್ನು ಮೇಜಿನ ಮೇಲಿಟ್ಟು ಛೇದಿಸಿ ನೋಡುತ್ತಾನೆ, ಅದರ ಚರ್ಮದ ರಚನೆಯನ್ನು ವರ್ಣಿಸುತ್ತಾನೆ, ಜೀವಿಯಾಗಿ ಅದಕ್ಕೆ ಕುಂದಿಲ್ಲವೆಂದು ಕೊಂಡಾಡುತ್ತಾನೆ. ತನ್ನ ಬಾಯಿಂದಲೇ ಹೀಗೆ ಹೇಳಿಕೊಂಡ ಮೇಲೆ ಕಥೆಯು ಆ ಮಾತಿಗೆ ಬದ್ಧವಾಗಬೇಕು. ಕ್ಷೇಮೇಂದ್ರನು ಔಚಿತ್ಯವೆಂದು ಕರೆದುದು ಇದನ್ನೇ. ಅಸಂಭವವಾದುದನ್ನೂ ನಂಬುವಂತೆ ಹೇಳಿದರೆ ಸಾಕೆಂದು ಅರಿಸ್ಟಾಟಲನು ಕವಿಗೆ ಕೊಟ್ಟ ರಿಯಾಯಿತಿಯಲ್ಲೂ ‘ನಂಬುವಂತೆ’ ಎಂಬ ಷರತ್ತು ಉಳಿದೇ ಇದೆ.

ಇನ್ನು ಮೂಲ ವಿಷಯಕ್ಕೆ ಬರೋಣ. ‘ಏಲಿಯನ್’ 1979ರಲ್ಲಿ ತೆರೆಕಂಡ ಚಿತ್ರ. ನಿರ್ದೇಶಕ ರಿಡ್ಲಿ ಸ್ಕಾಟ್. ಚಿತ್ರಕಥೆ ಡ್ಯಾನ್ ಓಬ್ಯಾನನನದು. ಮೃಗದ ರೂಪವನ್ನು ಕಲ್ಪಿಸಿದವನು ಸ್ವಿಟ್ಜರ್ಲೆಂಡಿನ ಕಲಾವಿದ ಗೀಗರ್. ಅದುರು ಹೊತ್ತು ಭೂಮಿಗೆ ಮರಳುತ್ತಿರುವ ನೌಕೆಯೊಂದರ ಏಳು ಜನ ಸಿಬ್ಬಂದಿ ಅಪರಿಚಿತ ಲೋಕವೊಂದರಲ್ಲಿ ಇಳಿಯುತ್ತಾರೆ. ಅಲ್ಲಿ ಮೊಟ್ಟೆಯೊಂದು ತೆರೆದುಕೊಂಡು, ಏಡಿಯಂಥ ಜೀವಿ ಹಾರಿ ಒಬ್ಬನ ಮುಖವನ್ನು ತಬ್ಬುತ್ತದೆ. ಅವನೊಳಗೆ ಏನನ್ನೋ ಬಿತ್ತಿ ತಾನು ಸಾಯುತ್ತದೆ. ಬಿತ್ತಿದುದು ಅವನ ಎದೆಯನ್ನೊಡೆದು ಹೊರಬರುತ್ತದೆ. ಕೆಲವೇ ತಾಸುಗಳಲ್ಲಿ ಅದು ಆಳೆತ್ತರವನ್ನು ಮೀರಿ ಬೆಳೆದು ಉಳಿದವರನ್ನು ಒಬ್ಬೊಬ್ಬರಾಗಿ ಮುಗಿಸತೊಡಗುತ್ತದೆ. ಕಡೆಗೆ ಉಳಿಯುವವರು ರಿಪ್ಲಿ ಎಂಬ ಹೆಂಗಸು ಮತ್ತು ಒಂದು ಬೆಕ್ಕು.

ಈ ಜನ್ಮಕ್ರಮವನ್ನು ಕಂಡು ಪಟ್ಟಣದ ಪ್ರೇಕ್ಷಕನು ಇಂಥದು ಜಗತ್ತಿನಲ್ಲಿಲ್ಲವೆಂದು ಬೆಚ್ಚುತ್ತಾನೆ. ರೇಷ್ಮೆ ಮನೆಯ ಹುಡುಗನು ಬೆಚ್ಚಲಿಲ್ಲ, ಗುರುತು ಹಿಡಿದನು. ಊಜಿ ನೊಣವು 1980ರಲ್ಲಿ ಬಂಗಾಳದ ಕಡೆಯ ಗೂಡುಗಳೊಂದಿಗೆ ಕರ್ನಾಟಕಕ್ಕೆ ಬಂದು, ಅಲ್ಲಿಂದ ದಕ್ಷಿಣದ ರೇಷ್ಮೆ ಸೀಮೆಗಳನ್ನೆಲ್ಲ ಹೊಕ್ಕಿತು. ಚಿತ್ರ ಬಂದ ಮಾರನೆಯ ವರ್ಷವೇ ನಮ್ಮ ಕಡೆಯ ಬೆಳೆಗಾರನಿಗೆ ಅದರ ಕಥೆ ಪ್ರತ್ಯಕ್ಷವಾಯಿತೆಂಬುದು ಕಾಕತಾಳೀಯ. ನೊಣವು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಯು ಚರ್ಮವನ್ನು ಕೊರೆದು ಒಳಹೊಕ್ಕೆಡೆ ಒಂದು ಕಪ್ಪು ಚುಕ್ಕೆ ಉಳಿಯುತ್ತದೆ. ಅದು ಸುಮಾರು ಒಂದು ವಾರ ಹುಳುವಿನೊಳಗೇ ಉಂಡು, ಹುಳುವನ್ನೋ, ಹುಳು ಅಷ್ಟರಲ್ಲಿ ಗೂಡು ಕಟ್ಟಿದ್ದರೆ ಗೂಡನ್ನೋ ತೂತುಮಾಡಿ ಹೊರಬೀಳುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ತಟ್ಟೆಯ ಮುಂದೆ ಕುಳಿತು ಕಪ್ಪು ಚುಕ್ಕೆಯ ಹುಳುಗಳನ್ನು ಆರಿಸಿ ತೆಗೆಯುವ ಕೆಲಸ ನಮ್ಮ ಮನೆಗಳಲ್ಲಿ ಹೆಂಗಸರದು, ಮಕ್ಕಳದು. ಆ ಕೆಲಸ ಮಾಡಿದ ಕಣ್ಣಿಗೆ ನೌಕೆಯ ಊಟದ ಮೇಜಿನ ಆ ಪ್ರಸಿದ್ಧ ದೃಶ್ಯ ಹೊಸತಲ್ಲ.

ಕೀಟಲೋಕದಲ್ಲಿ ಇದು ಅಪವಾದವೂ ಅಲ್ಲ. ಕಂಬಳಿಹುಳುವಿನೊಳಗೆ ಮೊಟ್ಟೆಯಿಟ್ಟು ಅದನ್ನು ಮರಿಗಳಿಗೆ ಜೀವಂತ ಉಗ್ರಾಣವಾಗಿ ಮಾಡುವ ಕಣಜಗಳ ಜಾತಿಗಳು ಸಹಸ್ರಾರು. ಡಾರ್ವಿನ್ನನು 1860ರಲ್ಲಿ ಅಮೆರಿಕೆಯ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ದಯಾಮಯನಾದ ದೇವರು ಇಂಥ ಕಣಜವನ್ನು ಬೇಕೆಂದೇ ಸೃಷ್ಟಿಸಿದನೆಂದು ತನ್ನ ಮನಸ್ಸು ಒಪ್ಪದೆಂಬ ಅಭಿಪ್ರಾಯವನ್ನು ತಿಳಿಸಿದ್ದನು. ಇಲ್ಲಿ ಕನ್ನಡ ಓದುಗನು ಒಂದು ಕ್ಷಣ ನಿಲ್ಲಬೇಕು. ನಮ್ಮ ವೇದಾಂತ ಗ್ರಂಥಗಳಲ್ಲಿ ಭ್ರಮರಕೀಟ ನ್ಯಾಯವೆಂದು ಹೆಸರಾದುದು, ವಚನಗಳಲ್ಲಿ ಕೀಡಿ ಕುಂಡಲಿಗಗಳ ಉಪಮೆಯಾಗಿ ಬರುವುದು, ಇದೇ ಬಗೆಯ ಘಟನೆಯನ್ನು ಕುರಿತುದು. ಮಣ್ಣಿನ ಗೂಡು ಕಟ್ಟುವ ಕಣಜವು ಹುಳುವೊಂದನ್ನು ಹೊತ್ತು ತಂದು ಒಳಗಿಟ್ಟು ಬಾಯಿ ಮುಚ್ಚುತ್ತದೆ. ಕೆಲವು ದಿನಗಳ ಮೇಲೆ ಗೂಡಿನಿಂದ ಕಣಜ ಹೊರಡುತ್ತದೆ. ಹುಳುವು ಕಣಜವನ್ನೇ ಧ್ಯಾನಿಸಿ ಕಣಜವಾಯಿತೆಂದು ಹಿರಿಯರು ಬಗೆದರು. ಜೀವನು ಶಿವನಾಗುವುದಕ್ಕೆ ಅದನ್ನು ಹೋಲಿಸಿದರು. ನಿಜವಾಗಿ ಹುಳುವು ಕಣಜದ ಮರಿಗೆ ಆಹಾರವಾಗಿತ್ತು. ಒಂದೇ ಸಂಗತಿ ಒಂದೆಡೆ ಶಾಂತಕ್ಕೂ ಇನ್ನೊಂದೆಡೆ ಭಯಾನಕ ಬೀಭತ್ಸಗಳಿಗೂ ವಿಭಾವವಾಯಿತು. ಹಿರಿಯರ ಪ್ರಾಣಿಶಾಸ್ತ್ರ ತಪ್ಪಾಯಿತೆಂದು ನಗುವುದು ಸುಲಭ. ಗೂಡಿನ ಬಾಯಿಯನ್ನು ದಿನವೂ ಕಾದು ನೋಡಿದವರು ಅವರೆಂಬುದನ್ನು ಮರೆಯಬಾರದು.

ಆದ್ದರಿಂದ ಹುಟ್ಟಿನವರೆಗೆ ಚಿತ್ರವು ಪ್ರಾಣಿಧರ್ಮಕ್ಕೆ ನಿಷ್ಠವಾಗಿದೆ. ಒಂದು ತೊಡಕು ಮಾತ್ರ ಉಂಟು. ಇಂಥ ಕೀಟಗಳು ಸಾಮಾನ್ಯವಾಗಿ ತಮಗೆ ಗೊತ್ತಾದ ಕೆಲವೇ ಆಶ್ರಯಜೀವಿಗಳಿಗೆ ಕಟ್ಟುಬಿದ್ದಿರುತ್ತವೆ. ಒಳಹೊಕ್ಕ ಮೊಟ್ಟೆಯನ್ನು ಕೊಲ್ಲುವ ರಕ್ಷಣಶಕ್ತಿ ಆಶ್ರಯಜೀವಿಯ ರಕ್ತದಲ್ಲಿಯೇ ಇರುತ್ತದೆ. ಅದನ್ನು ಅಡಗಿಸಲು ಕೆಲವು ಕಣಜಗಳು ಮೊಟ್ಟೆಯ ಜೊತೆಗೆ ಒಂದು ಬಗೆಯ ವೈರಸ್ಸನ್ನೂ ಒಳಗೆ ಬಿಡುತ್ತವೆ. ಈ ಸೆಣಸಾಟವು ಲಕ್ಷಾಂತರ ವರ್ಷಗಳ ಒಡನಾಟದಿಂದ ಬಂದುದು. ಮನುಷ್ಯನನ್ನು ಎಂದೂ ಕಾಣದ ಲೋಕದ ಜೀವಿಗೆ ಮನುಷ್ಯನ ಒಡಲು ಮೊದಲ ದಿನವೇ ಹೇಗೆ ಒಗ್ಗಿತು? ಬಹುಕಾಲದ ಮೇಲೆ ಬಂದ ‘ಪ್ರೊಮೀಥಿಯಸ್’ (2012), ‘ಏಲಿಯನ್: ಕವೆನಂಟ್’ (2017) ಚಿತ್ರಗಳು ಇದು ಪ್ರಯೋಗಶಾಲೆಯಲ್ಲಿ ತಿದ್ದಿ ತೀಡಿದ ಜೀವಿಯೆಂಬ ಸಮಾಧಾನ ಹೇಳುತ್ತವೆ. ಈ ಉತ್ತರ ನಮಗೆ ರುಚಿಸಲಿಲ್ಲ. ಮೃಗವನ್ನು ಆಯುಧವೆಂದ ಮೇಲೆ ಅದರ ಬಗ್ಗೆ ಕೇಳಬಹುದಾದ ಪ್ರಶ್ನೆಗಳೆಲ್ಲ ಅದನ್ನು ಮಾಡಿದವನ ಬಗ್ಗೆ ಕೇಳುವ ಪ್ರಶ್ನೆಗಳಾಗಿಬಿಡುತ್ತವೆ, ಮೃಗ ಬಡವಾಗುತ್ತದೆ.

ಈಗ ಹುಡುಗನ ಪ್ರಶ್ನೆ. ರೇಷ್ಮೆ ಹುಳುವು ಮೊಟ್ಟೆಯೊಡೆದಂದಿನಿಂದ ಇಪ್ಪತ್ತೈದು ದಿನಗಳೊಳಗಾಗಿ ತನ್ನ ತೂಕವನ್ನು ಸುಮಾರು 10,000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಪ್ರಾಣಿಲೋಕದಲ್ಲಿ ಇದು ಬಹು ವೇಗದ ಬೆಳವಣಿಗೆ. ಆದರೆ ಅದರ ಬೆಲೆಯನ್ನು ಬೆಳೆಗಾರನನ್ನು ಕೇಳಿ ತಿಳಿಯಬೇಕು. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಸೊಪ್ಪು ಮೇಯುವಾಗ ಮನೆಯೊಳಗೆ ಮಳೆ ಸುರಿದಂತೆ ಸದ್ದಾಗುತ್ತದೆ; ಆ ವಾರ ಮನೆಮಂದಿಗೆ ರಾತ್ರಿ ನಿದ್ದೆಯಿಲ್ಲ. ಚಿತ್ರದ ಮೃಗವೂ ಪೊರೆ ಕಳಚುತ್ತದೆ, ಕಳಚಿದ ಪೊರೆಯನ್ನು ಒಬ್ಬನು ಕೈಯಲ್ಲಿ ಹಿಡಿದು ನೋಡುತ್ತಾನೆ. ಒಳ್ಳೆಯ ವಿವರ. ಆದರೆ ಪೊರೆ ಕಳಚಿದ ಮಾತ್ರಕ್ಕೆ ಮೈ ತುಂಬದು. ಪೊರೆ ಬಿಗಿಯಾಗುವಷ್ಟು ಮೊದಲು ತಿಂದಿರಬೇಕು. ಬೆಕ್ಕಿನ ಗಾತ್ರದ ಮರಿ ಒಬ್ಬ ಮನುಷ್ಯನ ಒಡಲಿನಿಂದ ಹೊರಟಿತೆಂದರೆ ಒಪ್ಪಬಹುದು. ಊಜಿಯೂ ತನ್ನ ಮೈಯನ್ನು ಹುಳುವಿನಿಂದಲೇ ಪಡೆಯುತ್ತದೆ. ಆಮೇಲಿನ ಮೈ ಎಲ್ಲಿಂದ ಬಂತು? ನೌಕೆಯ ಉಗ್ರಾಣವನ್ನು ಕೊಳ್ಳೆ ಹೊಡೆದ ಒಂದು ದೃಶ್ಯ ಇದ್ದಿದ್ದರೆ ಸಾಕಿತ್ತು. ಬರಿಗಾಳಿಯಿಂದ ಬೆಳೆಯುವುದು ಭೂತವೇ ಹೊರತು ಪ್ರಾಣಿಯಲ್ಲ. ಚಿತ್ರವು ಇಲ್ಲಿ ಸದ್ದಿಲ್ಲದೆ ಒಂದು ಪ್ರಕಾರದಿಂದ ಇನ್ನೊಂದಕ್ಕೆ ದಾಟಿತು. ದಾಟಿದುದು ಯಾರಿಗೂ ತಿಳಿಯದೆಂದು ನೆಚ್ಚಿತು.

ಮೃಗದ ಅಂಗಗಳ ವಿಷಯದಲ್ಲಿ ಚಿತ್ರವು ತನಗೆ ತಿಳಿಯದೆಯೇ ಕೆಲವು ಒಳ್ಳೆಯ ಸುಳಿವುಗಳನ್ನು ಬಿಟ್ಟಿದೆ. ಬಾಯೊಳಗಿಂದ ಚಾಚುವ ಎರಡನೆಯ ದವಡೆ ಶುದ್ಧ ಕಲ್ಪನೆಯೆಂದು ಎಲ್ಲರೂ ಎಣಿಸಿದ್ದರು. 2007ರಲ್ಲಿ ರೀಟಾ ಮೆಹ್ತಾ, ಪೀಟರ್ ವೈನ್‌ರೈಟ್ ಎಂಬ ವಿಜ್ಞಾನಿಗಳು ಮೊರೆ ಎಂಬ ಹಾವುಮೀನು ತನ್ನ ಗಂಟಲೊಳಗಿನ ಎರಡನೆಯ ದವಡೆಯನ್ನು ಮುಂದಕ್ಕೆ ಚಾಚಿ ಬೇಟೆಯನ್ನು ಒಳಕ್ಕೆಳೆದುಕೊಳ್ಳುವುದನ್ನು ತೋರಿಸಿದರು. ಆದರೆ ಹಾವುಮೀನಿಗೆ ಅದು ನುಂಗುವ ಸಾಧನ. ಕಲ್ಲುಬಿರುಕಿನಲ್ಲಿ ಬಾಳುವ ಅದಕ್ಕೆ ಇತರ ಮೀನುಗಳಂತೆ ನೀರಿನೊಡನೆ ಆಹಾರವನ್ನು ಹೀರಿಕೊಳ್ಳುವ ಅನುಕೂಲವಿಲ್ಲ. ಚಿತ್ರದ ಮೃಗಕ್ಕಾದರೋ ಅದು ತಲೆ ಒಡೆಯುವ ಸುತ್ತಿಗೆ; ನುಂಗುವುದೆಂಬುದೇ ಅದಕ್ಕಿಲ್ಲ. ಇನ್ನು ಕಬ್ಬಿಣವನ್ನೂ ಕರಗಿಸುವ ಆಮ್ಲರಕ್ತ. ಹೂವಿನ ಮೇಲೆ ಕೂರುವ ಬೊಬ್ಬೆ ಜೀರುಂಡೆಯನ್ನು ಹಿಸುಕಿದರೆ ಅದರ ಕೀಲುಗಳಿಂದ ಒಸರುವ ರಸ ಬೆರಳಿಗೆ ತಾಗಿ ಬೊಬ್ಬೆಯೇಳುವುದನ್ನು ಹೊಲದಲ್ಲಿ ದುಡಿದವರು ಬಲ್ಲರು. ಅಂಥ ರಕ್ತವು ತಿನ್ನಬಂದವರಿಗೆ ಎಚ್ಚರಿಕೆ. ಹಾಗಾದರೆ ಈ ಮೃಗದ ಊರಿನಲ್ಲಿ ಇದನ್ನೂ ತಿನ್ನುವ ಯಾವುದೋ ಒಂದು ಇತ್ತೆಂದಾಯಿತಲ್ಲವೆ? ಇಡೀ ಚಿತ್ರದಲ್ಲಿ ನಮ್ಮನ್ನು ನಿಜವಾಗಿ ನಡುಗಿಸಿದುದು ಈ ಯೋಚನೆ. ಆದರೆ ಚಿತ್ರಕಾರರು ಅದರ ಗೊಡವೆಗೆ ಹೋಗಲಿಲ್ಲ.

ಮೃಗವು ಏಕೆ ಕೊಲ್ಲುತ್ತದೆ ಎಂಬುದು ಮುಂದಿನ ಪ್ರಶ್ನೆ. ಅದು ಹಸಿದುದಲ್ಲ, ಕೊಂದುದನ್ನು ತಿಂದುದನ್ನು ನಾವು ಕಾಣೆವು. 1979ರಲ್ಲಿ ಕೈಬಿಟ್ಟಿದ್ದ ದೃಶ್ಯವೊಂದನ್ನು 2003ರ ಆವೃತ್ತಿಯಲ್ಲಿ ಸೇರಿಸಿದರು. ಅದರಲ್ಲಿ ಸೆರೆಸಿಕ್ಕವನೊಬ್ಬನು ಗೂಡಿನಲ್ಲಿ ಅಂಟಿಕೊಂಡು ಮೊಟ್ಟೆಯಾಗಿ ಮಾರ್ಪಡುತ್ತಿರುತ್ತಾನೆ. ಇದು ಇದ್ದಾಗ ಮೃಗದ ನಡತೆಗೆ ಸಂತಾನವೆಂಬ ಒಂದು ಅರ್ಥವಾದರೂ ದೊರೆಯುತ್ತದೆ. ಮೊದಲಿನ ರೂಪದಲ್ಲಿ ಅದೂ ಇಲ್ಲ. ಹಾಗೆಂದು ತಿನ್ನುವುದಕ್ಕಿಂತ ಹೆಚ್ಚು ಕೊಲ್ಲುವುದು ಪ್ರಾಣಿಗಳಲ್ಲಿಲ್ಲವೆನ್ನಲಾಗದು. ಚಿರತೆ ಕುರಿರೊಪ್ಪಕ್ಕೆ ನುಗ್ಗಿದ ಬೆಳಗು ಹತ್ತಾರು ಕುರಿ ಸತ್ತು ಬಿದ್ದಿರುವುದನ್ನೂ ಒಂದನ್ನೂ ಅದು ಪೂರ್ತಿ ತಿನ್ನದಿರುವುದನ್ನೂ ನಮ್ಮ ಊರುಗಳಲ್ಲಿ ಕಾಣದವರು ವಿರಳ. ಹಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ 1972ರಲ್ಲಿ ಇಂಥ ಅತಿಹತ್ಯೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಬಯಲಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದುವು ಓಡಿಹೋಗುತ್ತವೆ. ಬೇಟೆ ತಾನಾಗಿ ಮುಗಿಯುತ್ತದೆ. ರೊಪ್ಪದಲ್ಲಿ ಓಡಲು ಎಡೆಯಿಲ್ಲ. ಕಣ್ಣೆದುರು ಕುರಿ ಮಿಸುಕುತ್ತಲೇ ಇರುತ್ತದೆ, ಮೃಗದ ಹಿಡಿಯುವ ಪ್ರವೃತ್ತಿ ಕೆರಳುತ್ತಲೇ ಇರುತ್ತದೆ. ನೌಕೆಯೂ ಅಂಥದೊಂದು ರೊಪ್ಪ. ಹೊರಗೆ ಶೂನ್ಯ, ಒಳಗೆ ಏಳು ಜನ. ಚಿತ್ರವನ್ನು ಈ ದೃಷ್ಟಿಯಿಂದ ನೋಡಿದರೆ ಮೃಗದ ಮೇಲೆ ಹೊರಿಸಿದ ದ್ವೇಷವೆಂಬ ಆರೋಪ ಬಹುಮಟ್ಟಿಗೆ ಬಿದ್ದುಹೋಗುತ್ತದೆ.

ಆದರೂ ಬೆಕ್ಕಿನ ವಿಚಾರ ಉಳಿಯುತ್ತದೆ. ಮೃಗವು ಪೆಟ್ಟಿಗೆಯಲ್ಲಿದ್ದ ಬೆಕ್ಕನ್ನು ದಿಟ್ಟಿಸಿ ನೋಡಿ ಬಿಟ್ಟುಹೋಗುತ್ತದೆ. ಯಾವ ಬೇಟೆಗಾರ ಪ್ರಾಣಿಯೂ ಕಷ್ಟದ ಬೇಟೆಗೆ ಮುಂಚೆ ಸುಲಭದ್ದನ್ನು ನೋಡುತ್ತದೆ. ಊರೊಳಗೆ ಬಂದ ಚಿರತೆ ಮೊದಲು ಎತ್ತುವುದು ನಾಯಿಯನ್ನು. ಹುಲಿ ಸಿಂಹಗಳು ಕೂಡ ಹೆಚ್ಚಿನ ಸಲ ಬೇಟೆ ತಪ್ಪಿಸಿಕೊಳ್ಳುವುದನ್ನೇ ಕಾಣುತ್ತವೆ. ಒಂದು ಗಾಯವೆಂದರೆ ಅವಕ್ಕೆ ಉಪವಾಸ. ಆದ್ದರಿಂದಲೇ ಅಷ್ಟೊಂದು ಹಿಂಜರಿಕೆ, ಅಷ್ಟೊಂದು ಕಾಯುವಿಕೆ. ಕಥೆಗಳ ಮೃಗಕ್ಕೆ ಈ ಹಿಂಜರಿಕೆ ಇಲ್ಲದಿರುವುದೇ ಅದು ಕೃತಕವೆಂಬುದರ ಮೊದಲ ಗುರುತು.

‘ಏಲಿಯನ್’ ಕಡೆಯ ಭಾಗದಲ್ಲಿ ಈ ದೋಷದಿಂದ ಪಾರಾಗುತ್ತದೆ. ರಿಪ್ಲಿ ತಪ್ಪಿಸಿಕೊಂಡ ಚಿಕ್ಕ ನೌಕೆಯ ಕೊಳವೆಗಳ ಸಂದಿಯಲ್ಲಿ ಮೃಗವು ಮುದುರಿ ಮಲಗಿದೆ. ಅವಳು ಕೈಯಳತೆಯಲ್ಲಿದ್ದರೂ ಎರಗುವುದಿಲ್ಲ. ಮಂಪರಿನಲ್ಲಿರುವಂತೆ ಕೈಯೊಂದನ್ನು ಚಾಚಿ ಮತ್ತೆ ಒಳಗೆಳೆದುಕೊಳ್ಳುತ್ತದೆ. ಕೆಲವರು ಇದನ್ನು ಕಥೆಯ ಶೈಥಿಲ್ಯವೆನ್ನುತ್ತಾರೆ. ನಮಗೆ ಇಡೀ ಚಿತ್ರದಲ್ಲಿ ಅದು ಅತ್ಯಂತ ಮೃಗಸಹಜವಾಗಿ ಕಂಡ ಗಳಿಗೆ ಇದೇ. ಎರಡು ವರ್ಷದ ಹಿಂದೆ ನಮ್ಮ ಪಕ್ಕದೂರಿನ ತೋಟದ ಪಂಪುಮನೆಯಲ್ಲಿ ಚಿರತೆಯೊಂದು ಸಿಕ್ಕಿಕೊಂಡಿತ್ತು. ಕಿಟಕಿಯಿಂದ ಇಣುಕಿದಾಗ ಮೋಟಾರಿನ ಹಿಂದೆ, ಪೈಪುಗಳ ನಡುವೆ, ಮೈಯನ್ನು ಎಷ್ಟು ಕುಗ್ಗಿಸಬಹುದೋ ಅಷ್ಟು ಕುಗ್ಗಿಸಿಕೊಂಡು ಕುಳಿತಿತ್ತು. ಹೊರಗೆ ಇನ್ನೂರು ಜನ, ಕಲ್ಲು, ಕೂಗು, ಮೊಬೈಲು. ಕಲ್ಲು ತಾಗಿದಾಗ ಒಮ್ಮೆ ಕಿಟಕಿಯತ್ತ ನೆಗೆಯಿತು. ಆ ನೆಗೆತವೊಂದೇ ಚಿತ್ರಣವಾಗಿ ಮಾರನೆಯ ದಿನ ಊರೂರು ಸುತ್ತಿತು, ‘ನರಭಕ್ಷಕ’ ಎಂಬ ಶೀರ್ಷಿಕೆಯೊಡನೆ. ಅದು ಯಾರನ್ನೂ ತಿಂದಿರಲಿಲ್ಲ. ಕತ್ತಲಾದ ಮೇಲೆ ಜನರನ್ನು ದೂರ ಕಳಿಸಿ ಬಾಗಿಲು ತೆರೆದಿಟ್ಟಾಗ ಯಾರಿಗೂ ಕಾಣದಂತೆ ಹೊರಟುಹೋಯಿತು.

ಈ ಮಾಲೆಯ ಎರಡನೆಯ ಚಿತ್ರ, ಜೇಮ್ಸ್ ಕ್ಯಾಮರನನ ‘ಏಲಿಯನ್ಸ್’ (1986), ಮೃಗಗಳಿಗೆ ಒಬ್ಬ ರಾಣಿಯನ್ನು ಕೊಟ್ಟಿತು. ದೊಡ್ಡ ಮೊಟ್ಟೆಚೀಲ, ಸುತ್ತ ಸೇವಕರು, ಕತ್ತಲ ಗೂಡು: ನಮ್ಮ ಹುತ್ತವನ್ನೊಡೆದು ಗೆದ್ದಲು ರಾಣಿಯನ್ನು ನೋಡಿದವರಿಗೆ ಮೂಲ ತಟ್ಟನೆ ಹೊಳೆಯುತ್ತದೆ. ಆದರೆ ರಿಪ್ಲಿ ಮೊಟ್ಟೆಗಳಿಗೆ ಬೆಂಕಿ ಹಚ್ಚುವೆನೆಂದು ಬೆದರಿಸಿದಾಗ ರಾಣಿಯು ತಲೆಯಾಡಿಸಿ ಸೈನಿಕರನ್ನು ಹಿಂದೆ ಸರಿಸುತ್ತಾಳೆ. ಮುಂದೆ ಚೀಲವನ್ನು ಕಿತ್ತು ಬಿಸುಟು ಸೇಡಿಗಾಗಿ ಬೆನ್ನಟ್ಟುತ್ತಾಳೆ. ಇದು ತಾಯಿಗೂ ತಾಯಿಗೂ ನಡೆದ ಯುದ್ಧ. ನಾಟಕವಾಗಿ ಬಲು ಚೆನ್ನ. ಕೀಟಧರ್ಮವಾಗಿ ಅಲ್ಲ. ಗೆದ್ದಲು ರಾಣಿ ಎದ್ದು ನಡೆಯಲಾರದ ಮೊಟ್ಟೆಯ ಕಣಜವೇ ಹೊರತು ಆಜ್ಞೆ ಕೊಡುವ ಅರಸಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಭ್ಯಾಸ ಮಾಡಿದ ರೋಪಲಿಡಿಯಾ ಮಾರ್ಜಿನೇಟಾ ಎಂಬ ಕಾಗದಗೂಡಿನ ಕಣಜದಲ್ಲಿ ರಾಣಿಯು ಗೂಡಿನ ಸಾಧು ಸದಸ್ಯಳಂತಿರುತ್ತದೆ. ಅದನ್ನು ತೆಗೆದ ಕೂಡಲೆ ಕೆಲಸಗಾರ ಕಣಜಗಳಲ್ಲೊಂದು ವಿಪರೀತ ಜಗಳಗಂಟಿಯಾಗುತ್ತದೆ. ಕೆಲ ದಿನಗಳಲ್ಲಿ ತಾನೇ ರಾಣಿಯಾಗಿ ಮೆಲ್ಲಮೆಲ್ಲನೆ ಸಾಧುವಾಗುತ್ತದೆ. ‘ರಾಣಿ’ ಎಂಬುದು ನಾವು ಇಟ್ಟ ಹೆಸರು. ಪ್ರಾಚೀನರು ಜೇನಿನ ರಾಣಿಯನ್ನು ರಾಜನೆಂದೇ ಕರೆಯುತ್ತಿದ್ದರು. ಕ್ಯಾಮರನನು ಕೀಟವನ್ನು ಬಿಟ್ಟು ಹೆಸರನ್ನು ಚಿತ್ರಿಸಿದನೆಂದು ನಮ್ಮ ಅಭಿಪ್ರಾಯ.

ಇವೆರಡಕ್ಕಿಂತ ಪ್ರಾಣಿಧರ್ಮಕ್ಕೆ ಹತ್ತಿರವಾದುದು, ಕೇಳಿದವರಿಗೆ ವಿಚಿತ್ರವೆನಿಸಬಹುದು, ನಿಶ್ಚಿತ ರೂಪವೇ ಇಲ್ಲದ ಒಂದು ಜೀವಿ. ಜಾನ್ ಕ್ಯಾಂಬೆಲ್ಲನ 1938ರ ನೀಳ್ಗತೆಯನ್ನು ಆಧರಿಸಿ ಜಾನ್ ಕಾರ್ಪೆಂಟರ್ 1982ರಲ್ಲಿ ತೆಗೆದ ‘ದಿ ಥಿಂಗ್’ ಚಿತ್ರದ ಜೀವಿ ಅದು. ದಕ್ಷಿಣ ಧ್ರುವದ ಶಿಬಿರಕ್ಕೆ ನಾಯಿಯ ವೇಷದಲ್ಲಿ ಬಂದು, ಸಿಕ್ಕಿದವರನ್ನು ಒಳಗೊಂಡು ಅವರಂತೆಯೇ ಆಗುತ್ತದೆ. ನೋಡಲು ಅಸಹ್ಯದ ಪರಮಾವಧಿ. ನಡತೆಯಲ್ಲೋ ಅತ್ಯಂತ ವಿವೇಕಿ. ಗುಂಪಿನ ಮೇಲೆ ಎರಗುವುದಿಲ್ಲ, ಒಂಟಿಯಾದವನನ್ನು ಕಾಯುತ್ತದೆ. ಬೆಳಕಿಗೆ ಬಿದ್ದಾಗ ಮಾತ್ರ ಹೋರಾಡುತ್ತದೆ, ಆಗಲೂ ಓಡುವ ದಾರಿಯನ್ನೇ ಹುಡುಕುತ್ತದೆ. ಪರೀಕ್ಷೆಯ ದೃಶ್ಯದಲ್ಲಿ ಒಬ್ಬೊಬ್ಬರ ರಕ್ತಕ್ಕೂ ಕಾದ ತಂತಿಯನ್ನು ತಾಗಿಸುತ್ತಾರೆ; ಮನುಷ್ಯನ ರಕ್ತ ಸುಮ್ಮನಿರುತ್ತದೆ, ಅದರ ರಕ್ತ ಬೆದರಿ ಜಿಗಿಯುತ್ತದೆ. ನೋವಿನಿಂದ ಹಿಂದೆ ಸರಿಯುವುದು ಅಮೀಬದಿಂದ ಆನೆಯವರೆಗೆ ಎಲ್ಲಕ್ಕೂ ಸಮಾನವಾದ ಮೊದಲ ಗುಣ. ಅಷ್ಟು ಕಪಟಿಯಾದ ಜೀವಿಯನ್ನು ಕಡೆಗೆ ಹಿಡಿದುಕೊಟ್ಟುದು ಅದರ ಅತಿ ಸರಳವಾದ ಪ್ರಾಣಿತ್ವವೆಂಬುದು ಕಥೆಗಾರನ ನಿಜವಾದ ಕಾಣ್ಕೆ.

ವೇಷವೂ ಪ್ರಕೃತಿಯಲ್ಲಿ ಹೊಸತಲ್ಲ. ಕೋಗಿಲೆಯನ್ನು ಪರಭೃತವೆಂದು ಕವಿಗಳು ಕರೆದುದು ಕಾಗೆಯ ಗೂಡಿನ ವೃತ್ತಾಂತ ತಿಳಿದೇ. ನಮ್ಮ ಬೇಲಿಯ ಗಿಡಗಳಲ್ಲಿ ಇರುವೆಯಂತೆಯೇ ಕಾಣುವ, ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಆಡಿಸುವ ಜೇಡವುಂಟು. ಹೆನ್ರಿ ಬೇಟ್ಸ್ 1862ರಲ್ಲಿ ವಿವರಿಸಿದ ಅನುಕರಣ ಸೂತ್ರಕ್ಕೆ ಒಂದು ಮಿತಿಯಿದೆ. ವೇಷಧಾರಿಗಳು ಅಸಲಿಗಳಿಗಿಂತ ವಿರಳವಾಗಿದ್ದರೇ ವೇಷ ಸಾಗುತ್ತದೆ; ಹೆಚ್ಚಾದರೆ ಯಾರೂ ಮೋಸಹೋಗುವುದಿಲ್ಲ. ‘ದಿ ಥಿಂಗ್’ ಚಿತ್ರದ ಭಯವು ಈ ಲೆಕ್ಕದ ಮೇಲೆಯೇ ನಿಂತಿದೆ. ನಮ್ಮೊಳಗೆ ಅದು ಎಷ್ಟು ಜನ? ಒಬ್ಬನೇ, ಇಬ್ಬರೇ, ಅಥವಾ ಉಳಿದವನು ನಾನೊಬ್ಬನೇ? ಕೊನೆಯಲ್ಲಿ ಹಿಮದ ನಡುವೆ ಕುಳಿತ ಇಬ್ಬರಿಗೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದು.

ಜಾನ್ ಕ್ರಸಿನ್ಸ್ಕಿಯ ‘ಎ ಕ್ವಯಟ್ ಪ್ಲೇಸ್’ (2018) ಚಿತ್ರವನ್ನು ಹೊಗಳುವವರು ಬಹಳ. ಕುರುಡು ಮೃಗಗಳು ಸದ್ದಾದೆಡೆಗೆ ಎರಗುತ್ತವೆ. ಅಳಿದುಳಿದ ಮನುಷ್ಯರು ಮರಳು ಹಾಸಿದ ಹಾದಿಯಲ್ಲಿ ಬರಿಗಾಲಲ್ಲಿ ನಡೆದು, ಕೈಸನ್ನೆಯಿಂದ ಮಾತಾಡಿ ಬದುಕುತ್ತಾರೆ. ಮನುಷ್ಯರ ಭಾಗ ಸತ್ಯ; ಮೃಗಗಳ ಭಾಗ ದುರ್ಬಲ. ಹೊಲದಲ್ಲಿ ನಿಲ್ಲಿಸಿದ ಬೆದರುಬೊಂಬೆಗೆ ಗಿಳಿಗಳು ಎಷ್ಟು ದಿನ ಅಂಜುತ್ತವೆ? ಜೋಳಕ್ಕೆ ಬರುವ ಆನೆಗಳು ಪಟಾಕಿಯನ್ನು ಎಷ್ಟು ರಾತ್ರಿ ಲೆಕ್ಕಿಸುತ್ತವೆ? ಲಾಭವಿಲ್ಲದ ಸದ್ದಿಗೆ ಒಗ್ಗಿಹೋಗುವುದು ಎಲ್ಲಕ್ಕಿಂತ ಹಳೆಯ ಕಲಿಕೆ. ಎರಿಕ್ ಕ್ಯಾಂಡೆಲ್ ಅದನ್ನು ಸಮುದ್ರದ ಬಸವನಹುಳುವಿನ ಜಾತಿಯ ಒಂದು ಜೀವಿಯಲ್ಲಿಯೇ ಶೋಧಿಸಿದನು. ನೆನಪಿನ ಬಗ್ಗೆ ನಡೆಸಿದ ಆ ಸಂಶೋಧನೆಗಾಗಿ ಅವನಿಗೆ 2000ದಲ್ಲಿ ನೊಬೆಲ್ ಬಹುಮಾನವೂ ಬಂದಿತು. ಜಲಪಾತದ ಬಳಿ ಮೃಗಗಳು ಸುಮ್ಮನಿರುವುದನ್ನು ಚಿತ್ರ ತೋರಿಸುತ್ತದೆ. ಹಾಗಾದರೆ ಅವು ಆ ಸದ್ದನ್ನು ಕಲಿತಿವೆ. ಒಂದನ್ನು ಕಲಿತುದು ಮತ್ತೊಂದನ್ನು ಏಕೆ ಕಲಿಯದು? ಅಮೆರಿಕದ ಉಷ್ಣವಲಯದ ಕಪ್ಪೆಭಕ್ಷಕ ಬಾವಲಿ ಕಪ್ಪೆಯ ಕೂಗಿನಿಂದಲೇ ವಿಷದ ಕಪ್ಪೆಯನ್ನೂ ತಿನ್ನತಕ್ಕ ಕಪ್ಪೆಯನ್ನೂ ಬೇರ್ಪಡಿಸಬಲ್ಲದೆಂದು ಟಟ್ಲ್, ರಯಾನ್ ಎಂಬವರು 1981ರಲ್ಲಿ ಪ್ರಕಟಿಸಿದರು. ಕಿವಿಯಿಂದ ಬದುಕುವ ಬೇಟೆಗಾರನಿಗೆ ಇಷ್ಟಾದರೂ ವಿವೇಚನೆ ಬೇಕು.

ಆದರೆ ಮನುಷ್ಯರ ಭಾಗ ಸತ್ಯವೆಂದೆವಲ್ಲ, ಅದಕ್ಕೆ ಸಾಕ್ಷಿ ಹವಾಯಿಯ ಕವಾಯಿ ದ್ವೀಪದಲ್ಲಿದೆ. ಅಲ್ಲಿ ಗಂಡು ಚಿಮ್ಮಂಡೆಯ ಹಾಡನ್ನು ಕೇಳಿ ಬಂದು ಅದರ ಮೇಲೆ ಮರಿ ಬಿಡುವ ನೊಣವೊಂದುಂಟು, ಊಜಿಯ ದೂರದ ನಂಟ. ಮಾರ್ಲೀನ್ ಝುಕ್ ಮತ್ತು ಸಂಗಡಿಗರು 2006ರಲ್ಲಿ ತಿಳಿಸಿದಂತೆ, ಇಪ್ಪತ್ತಕ್ಕಿಂತ ಕಡಿಮೆ ಪೀಳಿಗೆಗಳಲ್ಲಿ ಅಲ್ಲಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗಂಡುಗಳು ಹಾಡಲಾರದ ರೆಕ್ಕೆಯೊಡನೆ ಹುಟ್ಟತೊಡಗಿದವು. ಕಲ್ಪನೆಯ ಮೌನದ ಲೋಕವೊಂದು ನಿಜವಾಗಿಯೇ ಉಂಟಾಯಿತು. ಅದರ ನಾಯಕ ಮಾತ್ರ ಒಂದು ಚಿಮ್ಮಂಡೆ.

ಈ ಪ್ರಕಾರದ ಹಿರಿಯನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಎಚ್. ಜಿ. ವೆಲ್ಸ್ ನಮ್ಮವನೇ, ಅಂದರೆ ಮೇಷ್ಟರು. 1884ರಲ್ಲಿ ಲಂಡನ್ನಿನಲ್ಲಿ ಟಿ. ಎಚ್. ಹಕ್ಸ್‌ಲಿಯ ಕೈಕೆಳಗೆ ಜೀವಶಾಸ್ತ್ರ ಓದಿದವನು, ಪಾಠ ಹೇಳಿದವನು, 1893ರಲ್ಲಿ ಜೀವಶಾಸ್ತ್ರದ ಪಠ್ಯಪುಸ್ತಕವನ್ನೇ ಬರೆದವನು. 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ಮಂಗಳಗ್ರಹದವರು ಹೇಗೆ ಉಣ್ಣುತ್ತಾರೆ, ಹೇಗೆ ಹುಟ್ಟುತ್ತಾರೆ, ನಿದ್ರಿಸುತ್ತಾರೆಯೇ ಎಂಬುದನ್ನೆಲ್ಲ ತರಗತಿಯಲ್ಲಿ ಹೇಳುವಂತೆ ಹೇಳಿದ್ದಾನೆ. ಅವರನ್ನು ಕಡೆಗೆ ಕೊಂದುದು ತೋಪುಗಳಲ್ಲ, ಭೂಮಿಯ ಸೂಕ್ಷ್ಮಾಣುಗಳು. ಅವನ ಅನಂತರ ಬಂದವರಲ್ಲಿ ಅನೇಕರು ಅವನ ಯಂತ್ರಗಳನ್ನು ಎತ್ತಿಕೊಂಡರು, ಪಾಠವನ್ನು ಬಿಟ್ಟರು.

ಇಷ್ಟೆಲ್ಲ ತೂಗಿ ನೋಡುವುದರಿಂದ ಏನು ಸಿಕ್ಕಿತೆಂದು ಮೊದಲಿನ ಆ ಸಹೋದ್ಯೋಗಿ ಮತ್ತೆ ಕೇಳಿದರು. ಪೀಟರ್ ಬೆಂಚ್‌ಲಿಯ ಉದಾಹರಣೆ ಹೇಳಿದೆವು. ಅವನ ‘ಜಾಸ್’ ಕಾದಂಬರಿ 1974ರಲ್ಲಿ, ಅದರ ಚಿತ್ರ 1975ರಲ್ಲಿ ಬಂದಿತು. ಶಾರ್ಕ್ ಮೀನು ಹಗೆ ಸಾಧಿಸುವ ರಾಕ್ಷಸನೆಂಬ ಭಾವನೆ ಲೋಕದಲ್ಲೆಲ್ಲ ಹಬ್ಬಿತು. ಮುಂದೆ ಶಾರ್ಕಿನ ನಿಜ ಸ್ವಭಾವವನ್ನು ತಿಳಿದ ಬೆಂಚ್‌ಲಿಯು ಪಶ್ಚಾತ್ತಾಪಪಟ್ಟು, 2006ರಲ್ಲಿ ತೀರಿಕೊಳ್ಳುವವರೆಗೆ ಕಡಲಿನ ಜೀವಿಗಳ ರಕ್ಷಣೆಗಾಗಿ ಬರೆದನು, ಮಾತನಾಡಿದನು. ಅದಕ್ಕೂ ಬಹು ಮುಂಚೆ, 1944ರಲ್ಲಿ, ಜಿಮ್ ಕಾರ್ಬೆಟ್ ತನ್ನ ಕುಮಾವೂನಿನ ಬೇಟೆಯ ಪುಸ್ತಕದ ಮೊದಲಿಗೇ ಹುಲಿಯು ನರಭಕ್ಷಕವಾಗುವುದು ಬಹುಮಟ್ಟಿಗೆ ಗಾಯದಿಂದ, ಕೆಲವೊಮ್ಮೆ ಮುಪ್ಪಿನಿಂದ ಎಂದು ತಿಳಿಸಿದ್ದನು. ಕೆನ್ನೆತ್ ಆಂಡರ್ಸನನ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದಾಗ ನಮಗೆ ದಕ್ಕಿದುದೂ ರೋಮಾಂಚನದಷ್ಟೇ ಅಲ್ಲ. ಒಂದು ಮೃಗ ಹಾಗೇಕೆ ನಡೆದುಕೊಂಡಿತೆಂದು ಕೇಳುವ ಅಭ್ಯಾಸವೂ ದಕ್ಕಿತು.

ಪಟ್ಟಣದಲ್ಲಿ ಕುಳಿತು ಚಿತ್ರ ನೋಡುವವನಿಗೆ ಈ ಅಭ್ಯಾಸವಿಲ್ಲದಿದ್ದರೂ ನಡೆದೀತು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ನಮ್ಮ ಮಕ್ಕಳು ಅದರ ಅಂಚಿನಿಂದಲೇ ಶಾಲೆಗೆ ನಡೆದು ಬರುತ್ತಾರೆ. ಆನೆ ಎದುರಾದರೆ ಗಾಳಿ ಯಾವ ಕಡೆಯದೆಂದು ನೋಡಬೇಕೆಂದು ತಿಳಿದ ಮಕ್ಕಳು ಪರೀಕ್ಷೆಯ ಪ್ರಬಂಧದಲ್ಲಿ ಮಾತ್ರ ‘ಕ್ರೂರಮೃಗ’, ‘ರಕ್ತಪಿಪಾಸು’ ಎಂದು ಬರೆಯುತ್ತಾರೆ. ಆ ಪದಗಳನ್ನು ಕೊಟ್ಟವರು ನಾವೇ. ಪಠ್ಯದಿಂದ ಕೊಟ್ಟೆವು, ಈಗ ಚಿತ್ರಗಳೂ ಕೊಡುತ್ತಿವೆ. ಪಂಪುಮನೆಯ ಮುಂದೆ ಕಲ್ಲೆತ್ತಿದವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದ್ದರು.

ಅರ್ಧವಾರ್ಷಿಕ ಪರೀಕ್ಷೆಗೆ ಮುನ್ನ ನಾವು ತರಗತಿಗೆ ಒಂದು ಪ್ರಬಂಧ ಕೊಟ್ಟೆವು: ಆ ಚಿತ್ರದ ಮೃಗ ಒಂದು ರಾತ್ರಿ ನಮ್ಮೂರ ಕೆರೆಯ ಬಳಿ ಇಳಿದರೆ ಏನು ಮಾಡೀತು? ಬಹುಮಂದಿ ಊರನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಿದರು. ನಮ್ಮ ರೇಷ್ಮೆ ಮನೆಯ ಹುಡುಗ ಒಂದೂವರೆ ಪುಟ ಬರೆದಿದ್ದನು. ಮೊದಲ ರಾತ್ರಿ ಅದು ನೀರು ಕುಡಿದು ಲಂಟಾನದ ಮೆಳೆಯಲ್ಲಿ ಅಡಗಿತಂತೆ. ಎರಡನೆಯ ರಾತ್ರಿ ಮಾಂಸದಂಗಡಿಯ ಹಿಂದಿನ ನಾಯಿಗಳ ಬಳಿಗೆ ಹೋಗಿ, ಅವು ಗುಂಪಾಗಿದ್ದುದರಿಂದ ಹಿಂದಿರುಗಿತಂತೆ. ಮೂರನೆಯ ರಾತ್ರಿ ಒಂದು ಮೇಕೆ. ಊಜಿಯ ಕೋಶಕ್ಕೇ ಮೊಟ್ಟೆಯಿಡುವ ಒಂದು ಸಣ್ಣ ಕಣಜವನ್ನು ರೇಷ್ಮೆ ಇಲಾಖೆಯವರು ಬೆಳೆಗಾರರಿಗೆ ಕೊಡುವುದುಂಟು, ಅದು ಅವನ ಮನೆಯಲ್ಲೂ ಇದ್ದಿತು. ಪ್ರಬಂಧದ ಕೊನೆಯ ಸಾಲು ಹೀಗಿತ್ತು: ಹತ್ತನೇ ದಿನ ಅದರ ಮೈಮೇಲೆ ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡಿತು.